ಸ್ಪೈಡರ್‌ನಲ್ಲಿ ‘ಮಾಡ್ಯೂಲ್ ಇಲ್ಲ’ ಎಂಬ ದೋಷ: ಅನುಸ್ಥಾಪನೆ ಮತ್ತು ಬಳಕೆಯ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಮಳೆಯ ದತ್ತಾಂಶದ ಮೇಲೆ ಕೆಲಸ ಮಾಡುತ್ತಿರುವ ಸಂಶೋಧನಾ ವಿದ್ಯಾರ್ಥಿನಿ. ಭಾರತೀಯ ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್‌ನ ದೈನಿಕ ಮಳೆಯ ನೆಟ್‌ಸಿಡಿಎಫ್ (ಗ್ರಿಡ್ ದತ್ತಾಂಶವನ್ನು ಇಡುವ ಒಂದು ರೂಪ) ಕಡತಗಳನ್ನು ಓದಿ, ಕೊಡಗಿನ ಮುಂಗಾರನ್ನು ವಿಶ್ಲೇಷಿಸಬೇಕಾಗಿದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಪೈಥಾನ್ ಭಾಷೆಯ ಕ್ರಮವಿಧಿಗಳನ್ನು ಬರೆದು ನಡೆಸುವ ಸಂಪಾದಕವಾದ ಸ್ಪೈಡರ್ 6 ಅನ್ನು ಅದರ ಅಧಿಕೃತ ಇನ್‌ಸ್ಟಾಲರ್‌ನಿಂದ ಹಾಕಿಕೊಂಡೆ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಪಿಪ್ ಮೂಲಕ, ಇಂಥ ಕಡತಗಳನ್ನು ಓದುವ ಎಕ್ಸ್‌ಅರೇ ಪ್ಯಾಕೇಜನ್ನು ಹಾಕಿದೆ. ಯಶಸ್ವಿಯಾಯಿತೆಂಬ ಸಂದೇಶವೂ ಬಂತು. ಆದರೆ ಸ್ಪೈಡರ್ ಒಳಗೆ ಅದನ್ನು ಇಂಪೋರ್ಟ್ ಮಾಡಿದರೆ (ಬಳಕೆಗೆ ಕರೆದರೆ) ಆ ಹೆಸರಿನ ಮಾಡ್ಯೂಲ್ ಇಲ್ಲವೆಂಬ ದೋಷ ಬರುತ್ತದೆ. ಎರಡು ಬಾರಿ ಎಲ್ಲವನ್ನೂ ತೆಗೆದು ಮತ್ತೆ ಹಾಕಿ ನೋಡಿದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಮಸ್ಕಾರ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಈಗ ಕನಿಷ್ಠ ಎರಡು ಪೈಥಾನ್‌ಗಳಿವೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದಾಗ ಒಬ್ಬರ ಅಂಚೆ ಇನ್ನೊಬ್ಬರ ಮನೆ ಸೇರುವಂತೆ, ನೀವು ಹಾಕಿದ ಎಕ್ಸ್‌ಅರೇ ಕಮಾಂಡ್ ಪ್ರಾಂಪ್ಟಿಗೆ ಕಾಣುವ ಪೈಥಾನ್‌ಗೆ ಸೇರಿದೆ. ಸ್ಪೈಡರ್ ನಡೆಸುತ್ತಿರುವುದು ತನ್ನ ಇನ್‌ಸ್ಟಾಲರ್ ಜೊತೆಗೇ ಬಂದ ಬೇರೆ ಪೈಥಾನನ್ನು. ಖಚಿತಪಡಿಸಿಕೊಳ್ಳಬೇಕಿದ್ದರೆ ಸ್ಪೈಡರ್‌ನ ಕನ್ಸೋಲಿನಲ್ಲಿ (ಆದೇಶಗಳನ್ನು ನಡೆಸುವ ಕಿಟಕಿಯಲ್ಲಿ) ‘ಸಿಸ್’ ಮಾಡ್ಯೂಲನ್ನು ಇಂಪೋರ್ಟ್ ಮಾಡಿ, ಅದರ ‘ಎಕ್ಸಿಕ್ಯೂಟಬಲ್’ ಎಂಬ ಮೌಲ್ಯವನ್ನು ಮುದ್ರಿಸಿ. ಕಮಾಂಡ್ ಪ್ರಾಂಪ್ಟಿನ ಪೈಥಾನಿನಲ್ಲಿಯೂ ಹಾಗೆಯೇ ಮಾಡಿದರೆ ಎರಡು ಬೇರೆ ಬೇರೆ ವಿಳಾಸಗಳು ಕಾಣುತ್ತವೆ. ತೆಗೆದು ಮತ್ತೆ ಹಾಕುವುದರಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿವೆ.

ಸ್ಪೈಡರ್‌ನ ಒಳಗಿರುವ ಪೈಥಾನ್‌ಗೇ ಪ್ಯಾಕೇಜು ತುರುಕಲು ಹೋಗಬೇಡಿ. ಸ್ಪೈಡರ್ ಕೂಡ ಪೈಥಾನಿನಲ್ಲಿ ಬರೆದ ತಂತ್ರಾಂಶವೇ ಆದುದರಿಂದ, ಅದು ಅವಲಂಬಿಸಿರುವ ಯಾವುದಾದರೊಂದು ಪ್ಯಾಕೇಜಿನ ಆವೃತ್ತಿ ಬದಲಾದರೂ ಇಡೀ ಸಂಪಾದಕವೇ ತೆರೆಯದೇ ಹೋಗಬಹುದು. ಸಂಪಾದಕ ಒಂದು ಕಡೆ, ನಿಮ್ಮ ಕೆಲಸದ ಪ್ಯಾಕೇಜುಗಳು ಇನ್ನೊಂದು ಕಡೆ ಇರಲಿ.

ಅದಕ್ಕೆ, ಪೈಥಾನ್ ಮತ್ತು ಅದರ ಪ್ಯಾಕೇಜುಗಳನ್ನು ನಿರ್ವಹಿಸುವ ಕೊಂಡಾ ಎಂಬ ಸಾಧನವಿರುವ ಮಿನಿಫೋರ್ಜ್ ಹಾಕಿಕೊಳ್ಳಿ. ಅದು ಚಿಕ್ಕದು, ಉಚಿತ, ಮತ್ತು ಕೊಂಡಾ-ಫೋರ್ಜ್ ಎಂಬ ಸಮುದಾಯದ ಭಂಡಾರದಿಂದ ಪ್ಯಾಕೇಜುಗಳನ್ನು ತರುತ್ತದೆ. ಹಾಕುವಾಗ ಕಡತಕೋಶದ ವಿಳಾಸವನ್ನು ಗಮನಿಸಿ: ವಿಂಡೋಸ್ ಬಳಕೆದಾರರ ಹೆಸರಿನ ನಡುವೆ ಖಾಲಿ ಜಾಗವಿದ್ದರೆ, ಅಥವಾ ಆ ಹೆಸರು ಕನ್ನಡ ಅಕ್ಷರಗಳಲ್ಲಿದ್ದರೆ, ಮುಂದೆ ಕೆಲವು ಪ್ಯಾಕೇಜುಗಳು ತೊಂದರೆ ಕೊಡಬಹುದು, ಆಗ ಸಿ ಡ್ರೈವಿನಲ್ಲಿ ನೇರವಾಗಿ ಒಂದು ಕೋಶವನ್ನು ಆರಿಸಿಕೊಳ್ಳುವುದು ಕ್ಷೇಮ. ಬಳಿಕ ಮಿನಿಫೋರ್ಜ್ ಪ್ರಾಂಪ್ಟ್ ತೆರೆದು, ಕೊಂಡಾದ ‘ಕ್ರಿಯೇಟ್’ ಆದೇಶಕ್ಕೆ ಹೊಸ ಪರಿಸರದ (ತನ್ನದೇ ಪೈಥಾನ್ ಮತ್ತು ಪ್ಯಾಕೇಜುಗಳಿರುವ ಪ್ರತ್ಯೇಕ ಜಾಗದ) ಹೆಸರನ್ನು ಕೊಟ್ಟು, ಅದೇ ಸಾಲಿನಲ್ಲಿ ಪೈಥಾನ್, ಎಕ್ಸ್‌ಅರೇ, ನೆಟ್‌ಸಿಡಿಎಫ್4, ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ಸ್ಪೈಡರ್-ಕರ್ನಲ್ಸ್ ಎಂಬ ಐದು ಹೆಸರುಗಳನ್ನು ಬರೆಯಿರಿ. ಕೊನೆಯದನ್ನೇ ಬಹಳ ಮಂದಿ ಮರೆಯುತ್ತಾರೆ. ಸಂಪಾದಕಕ್ಕೂ ಆ ಪರಿಸರದ ಪೈಥಾನ್‌ಗೂ ನಡುವೆ ಮಾತುಕತೆ ನಡೆಸುವುದು ಅದೇ. ಸ್ಪೈಡರ್ 5ಕ್ಕೆ ಅದರ 2ನೆಯ ಸರಣಿ, ಸ್ಪೈಡರ್ 6ಕ್ಕೆ 3ನೆಯ ಸರಣಿ ಹೊಂದುತ್ತದೆ. ಹೊಂದದಿದ್ದರೆ ಕನ್ಸೋಲಿನಲ್ಲಿ ಬರುವ ದೋಷ ಸಂದೇಶದಲ್ಲೇ ಹಾಕಬೇಕಾದ ಆವೃತ್ತಿಯ ಪೂರ್ಣ ಆದೇಶ ಇರುತ್ತದೆ, ಗಾಬರಿಯಾಗದೆ ಅದನ್ನು ಓದಿ.

ಇನ್ನು ಸ್ಪೈಡರ್‌ನ ಟೂಲ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್ ತೆರೆದು, ಪೈಥಾನ್ ಇಂಟರ್‌ಪ್ರಿಟರ್ ವಿಭಾಗದಲ್ಲಿ ಈ ಹೊಸ ಪರಿಸರವನ್ನು ಆರಿಸಿ, ಹೊಸ ಕನ್ಸೋಲ್ ತೆರೆಯಿರಿ. ಇಂಪೋರ್ಟ್ ಕೆಲಸ ಮಾಡುತ್ತದೆ.

ಮರುಪ್ರಶ್ನೆ: ತುಂಬ ಧನ್ಯವಾದಗಳು ಸರ್, ಕಡತ ತೆರೆಯಿತು. ಆದರೆ ಸ್ಪೈಡರ್‌ನಲ್ಲಿ ಮೌಲ್ಯಗಳನ್ನು ತೋರಿಸುವ ವೇರಿಯಬಲ್ ಎಕ್ಸ್‌ಪ್ಲೋರರ್‌ನಲ್ಲಿ ಎಕ್ಸ್‌ಅರೇ ವಸ್ತುವನ್ನು ತೆರೆದರೆ ಸಂಖ್ಯೆಗಳ ಕೋಷ್ಟಕ ಬರುವುದಿಲ್ಲ. ಇನ್ನೊಂದು ಕಡತವನ್ನು ಬೈನರಿ ರೂಪದಲ್ಲಿ ನಮ್‌ಪೈನಿಂದ (ಸಂಖ್ಯೆಗಳ ಲೆಕ್ಕದ ಪ್ಯಾಕೇಜಿನಿಂದ) ಓದಿದಾಗ ಸರಾಸರಿ ಮಳೆ ಋಣಸಂಖ್ಯೆಯಾಗಿ ಬರುತ್ತಿದೆ.

ಉತ್ತರ: ಎಕ್ಸ್‌ಅರೇ ವಸ್ತುವಿನಿಂದ ‘ವ್ಯಾಲ್ಯೂಸ್’ ಅನ್ನು ಬೇರೆ ಹೆಸರಿಗೆ ತೆಗೆದುಕೊಳ್ಳಿ, ಆಗ ಅದು ನಮ್‌ಪೈ ಅರೇ (ಸಂಖ್ಯೆಗಳ ಜೋಡಣೆ) ಆಗುತ್ತದೆ. ಒಂದು ವರ್ಷದ ದತ್ತಾಂಶವಾದರೆ ಅದರ ಗಾತ್ರ 365, 129, 135 ಎಂದು ಕಾಣಬೇಕು: ದಿನ, ಅಕ್ಷಾಂಶ, ರೇಖಾಂಶ. ಅಂದರೆ 63 ಲಕ್ಷಕ್ಕೂ ಹೆಚ್ಚು ಮೌಲ್ಯಗಳು. ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಕೋಷ್ಟಕ ತೆರೆಯುತ್ತದೆ. ಮೂರು ಆಯಾಮಗಳಲ್ಲಿ ದಿನದ್ದನ್ನು ಆರಿಸಿ, ಅದನ್ನು ಬದಲಿಸುತ್ತಾ ಒಂದೊಂದೇ ದಿನದ ಮಳೆಯನ್ನು ಬಣ್ಣದ ಏರಿಳಿತದೊಂದಿಗೆ ನೋಡಬಹುದು. ಸ್ಪೈಡರ್‌ನಲ್ಲಿ ನನಗೆ ಅತ್ಯಂತ ಬೆಲೆಬಾಳುವುದೆನಿಸುವ ಸೌಲಭ್ಯ ಇದೇ. ವಿಜ್ಞಾನದ ಕೆಲಸದಲ್ಲಿ ಕ್ರಮವಿಧಿ ದೋಷವಿಲ್ಲದೆ ಓಡಿಯೂ ಉತ್ತರ ತಪ್ಪಾಗಿರುವುದು ಸಾಮಾನ್ಯ, ಮತ್ತು ಅಂಥ ತಪ್ಪು ಸಿಗುವುದು ಸಂಖ್ಯೆಗಳನ್ನು ಕಣ್ಣಾರೆ ನೋಡಿದಾಗ ಮಾತ್ರ.

ನಿಮ್ಮ ಋಣಸಂಖ್ಯೆಯೂ ಹಾಗೆಯೇ. ಆ ಕಡತಗಳಲ್ಲಿ ದತ್ತಾಂಶವಿಲ್ಲದ ಜಾಗಗಳಲ್ಲಿ −999 ಎಂದು ತುಂಬಿರುತ್ತದೆ. ಸಮುದ್ರದ ಮೇಲಿನ ಬಿಂದುಗಳೂ ಇದರಲ್ಲಿ ಸೇರಿವೆ. ಎಕ್ಸ್‌ಪ್ಲೋರರ್‌ನ ಆಯ್ಕೆಗಳಲ್ಲಿ ಅರೇಗಳ ಕನಿಷ್ಠ ಮತ್ತು ಗರಿಷ್ಠ ಮೌಲ್ಯಗಳನ್ನು ತೋರಿಸುವ ಆಯ್ಕೆಯನ್ನು ಹಾಕಿದರೆ ಅದು ತಕ್ಷಣ ಕಾಣುತ್ತದೆ. ಆ ಮೌಲ್ಯಗಳನ್ನು ‘ನ್ಯಾನ್’ (ಸಂಖ್ಯೆಯಲ್ಲ ಎಂಬ ಗುರುತು) ಮಾಡಿ, ಅವನ್ನು ಬಿಟ್ಟು ಲೆಕ್ಕ ಹಾಕುವ ನಮ್‌ಪೈನ ‘ನ್ಯಾನ್‌ಮೀನ್’ನಿಂದ ಸರಾಸರಿ ತೆಗೆಯಿರಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತೇನೆ. ಇಷ್ಟು ದಿನ ಲೆಕ್ಕಾಚಾರಕ್ಕೆ ಮ್ಯಾಟ್‌ಲ್ಯಾಬ್ ಎಂಬ ತಂತ್ರಾಂಶ ಬಳಸಿದ್ದೇನೆ. ಇಂಟರ್ನೆಟ್ ಇಲ್ಲದ ಪ್ರಯೋಗಾಲಯದ ಗಣಕಗಳಲ್ಲಿ ಸ್ಪೈಡರ್ ಹಾಕಬಹುದೇ?

ಉತ್ತರ: ಹಾಕಬಹುದು ಸರ್. ಇನ್‌ಸ್ಟಾಲರ್ ಕಡತವನ್ನು ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ದರೆ ಸಾಕು. ನಮ್‌ಪೈ, ಮ್ಯಾಟ್‌ಪ್ಲಾಟ್‌ಲಿಬ್‌ಗಳಂಥ ಸಾಮಾನ್ಯ ಪ್ಯಾಕೇಜುಗಳು ಅದರೊಳಗೇ ಇರುವುದರಿಂದ ಪದವಿ ಮಟ್ಟದ ಪ್ರಯೋಗಗಳಿಗೆ ಬೇರೆ ಪರಿಸರದ ಅಗತ್ಯ ಬೀಳುವುದಿಲ್ಲ. ಎಂಐಟಿ ಪರವಾನಗಿಯ ಮುಕ್ತ ತಂತ್ರಾಂಶವಾದ್ದರಿಂದ ಎಷ್ಟು ಗಣಕಗಳಲ್ಲಿ ಹಾಕಿದರೂ ಶುಲ್ಕವಿಲ್ಲ. ವಿಂಡೋ ಲೇಔಟ್‌ಗಳಲ್ಲಿ ಮ್ಯಾಟ್‌ಲ್ಯಾಬ್ ಮಾದರಿಯೂ ಇದೆ, ನಿಮ್ಮ ಕೈಗೆ ಬೇಗ ಒಗ್ಗುತ್ತದೆ.

ವಿದ್ಯಾರ್ಥಿಗಳಿಗೆ ಮೊದಲ ದಿನವೇ ‘# %%’ ಎಂಬ ಸಾಲಿನಿಂದ ಕ್ರಮವಿಧಿಯನ್ನು ಭಾಗಗಳಾಗಿ ವಿಂಗಡಿಸಿ, ಶಿಫ್ಟ್ ಮತ್ತು ಎಂಟರ್ ಒತ್ತಿ ಒಂದೊಂದನ್ನೇ ನಡೆಸುವುದನ್ನು ಕಲಿಸಿ. ಹೀಗೆ ಬಿಡಿಬಿಡಿಯಾಗಿ ನಡೆಸುವಾಗ ಅಳಿಸಿಹಾಕಿದ ಸಾಲುಗಳ ವೇರಿಯಬಲ್‌ಗಳು ಕನ್ಸೋಲಿನಲ್ಲಿ ಹಾಗೆಯೇ ಉಳಿದು, ಮನೆಯಲ್ಲಿ ಓಡದ ಕ್ರಮವಿಧಿ ಪ್ರಯೋಗಾಲಯದಲ್ಲಿ ಓಡಿದಂತೆ ಕಾಣಬಹುದು. ಆದ್ದರಿಂದ ದಾಖಲೆ ಪುಸ್ತಕಕ್ಕೆ ಉತ್ತರ ಬರೆಯುವ ಮೊದಲು ಕರ್ನಲನ್ನು (ಕನ್ಸೋಲಿನ ಹಿಂದೆ ಓಡುವ ಪೈಥಾನನ್ನು) ಮರುಪ್ರಾರಂಭಿಸಿ, ಎಫ್5 ಒತ್ತಿ ಇಡೀ ಕಡತವನ್ನು ಮೊದಲಿನಿಂದ ನಡೆಸುವಂತೆ ಅವರಿಗೆ ಹೇಳಿ.