ಕ್ಲ್ಯಾಟ್‌ಗೆ (ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಓದಲು ದಿನಕ್ಕೆ ಮೂರೇ ಗಂಟೆ ಸಿಗುತ್ತದೆ, ಹೇಗೆ ಹಂಚಿಕೊಳ್ಳಲಿ?

ಪ್ರಶ್ನೆ:
ದಾವಣಗೆರೆಯಲ್ಲಿ ಎರಡನೇ ಪಿಯುಸಿ ಕಾಮರ್ಸ್ ಓದುತ್ತಿದ್ದೇನೆ. ಬೆಂಗಳೂರು ನಾಗರಬಾವಿಯ ಲಾ ಸ್ಕೂಲ್ (ರಾಷ್ಟ್ರೀಯ ಕಾನೂನು ಶಾಲೆ) ನನ್ನ ಕನಸು. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಬೆಳಿಗ್ಗೆ ಐದರಿಂದ ಏಳು, ರಾತ್ರಿ ಒಂದು ಗಂಟೆ, ಸಿಗುವುದು ಇಷ್ಟೇ. ಗೋಡೆಗೆ ಬಣ್ಣಬಣ್ಣದ ಟೈಮ್‌ಟೇಬಲ್ ಅಂಟಿಸಿದ್ದೆ, ನಾಲ್ಕೇ ದಿನ ಬಾಳಿತು. ಇಂಗ್ಲಿಷ್ ಪ್ಯಾಸೇಜ್ ಓದಿ ಮುಗಿಸುವಷ್ಟರಲ್ಲೇ ಸಾಕಾಗುತ್ತದೆ.

ಉತ್ತರ 1:
ನನ್ನದೂ ಕನ್ನಡ ಮಾಧ್ಯಮವೇ. 120 ನಿಮಿಷಕ್ಕೆ 120 ಪ್ರಶ್ನೆ, ತಪ್ಪಿದರೆ ಕಾಲು ಅಂಕ ಹೋಗುತ್ತದೆ. ಓದುವ ವೇಗವೇ ಮುಖ್ಯ ಅಲ್ವಾ? ಬೆಳಿಗ್ಗೆ ಮೊದಲು ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯ ಓದಿ, ಗಡಿಯಾರ ಮುಂದಿಟ್ಟುಕೊಂಡು. ಪ್ರತಿ ಪ್ಯಾರಾ ಏನು ವಾದಿಸಿತು ಅಂತ ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ನಾನು ಹಳೇ ಲೆಕ್ಕದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಆಮೇಲೆ ಲೀಗಲ್ ರೀಸನಿಂಗ್, ಅಂದರೆ ಕೊಟ್ಟ ಕಾನೂನು ನಿಯಮವನ್ನು ಸನ್ನಿವೇಶಕ್ಕೆ ಅನ್ವಯಿಸುವ ಭಾಗ. ಸೆಕ್ಷನ್‌ಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಬೇಕಾದ ನಿಯಮ ಪ್ಯಾಸೇಜಿನಲ್ಲೇ ಇರುತ್ತದೆ. ರಾತ್ರಿ ಪ್ರಚಲಿತ ವಿದ್ಯಮಾನ.

ಉತ್ತರ 2:
ಗಣಿತಕ್ಕೆ ಜಾಸ್ತಿ ಹೊತ್ತು ಬೇಡ, 10–14 ಪ್ರಶ್ನೆ ಅಷ್ಟೇ. ಶೇಕಡಾ, ಅನುಪಾತ ಗಟ್ಟಿ ಮಾಡಿಕೊಳ್ಳಿ. ಭಾನುವಾರ ಮಧ್ಯಾಹ್ನ 2ರಿಂದ 4ಕ್ಕೆ ಮಾಕ್ (ಅಣಕು ಪರೀಕ್ಷೆ) ಬರೆಯಿರಿ. ಪರೀಕ್ಷೆ ಇರುವುದೂ ಅದೇ ಹೊತ್ತಿಗೆ.

ಪ್ರಶ್ನೆ ಕೇಳಿದವಳು:
ಭಾನುವಾರ ಆ ಹೊತ್ತಿಗೆ ನಮ್ಮನೆಯಲ್ಲಿ ಎಲ್ಲರೂ ಗೊರಕೆ! ಊಟ ಬೇಗ ಹಾಕು ಅಂತ ಅಮ್ಮನಿಗೆ ಹೇಳಿದ್ದೇನೆ.