ಸಾಹಿತ್ಯ ಪ್ರಬಂಧದಲ್ಲಿ ಅಲಂಕಾರ: ಎಲ್ಲಿ, ಎಷ್ಟು?

ಪ್ರಶ್ನೆ:
ಕಾದಂಬರಿಯೊಂದರ ನಾಯಕಿಯ ಮೌನ ಸೋಲಲ್ಲ, ಪ್ರತಿಭಟನೆ ಎಂದು ವಾದಿಸುವ 800 ಪದಗಳ ಪ್ರಬಂಧ ಬರೆಯುತ್ತಿದ್ದೇನೆ. ಉತ್ತರ ಬಯಸದ ಪ್ರಶ್ನೆ, ಪುನರಾವರ್ತನೆ, ವೈದೃಶ್ಯ (ವಿರುದ್ಧವಾದ ಎರಡನ್ನು ಎದುರುಬದುರು ಇಡುವುದು) ಎಲ್ಲವೂ ಇವೆ. ಓದಿದವರು ‘ಭಾಷಣದಂತಿದೆ’ ಅನ್ನುತ್ತಾರೆ. ಯಾವುದನ್ನು ತೆಗೆಯಲಿ?

ಉತ್ತರ 1:
ಮೊದಲು ಪ್ರತಿ ಅಲಂಕಾರದ ಪಕ್ಕದಲ್ಲಿ ಪಠ್ಯದ ಸಾಕ್ಷ್ಯ ಇದೆಯೇ ನೋಡಿ. “ಇದು ಪ್ರತಿಭಟನೆಯಲ್ಲದೆ ಮತ್ತೇನು?” ಎಂದು ಆರಂಭದಲ್ಲೇ ಕೇಳಿದರೆ, ಒಪ್ಪದ ಓದುಗ “ಸೋಲು” ಅನ್ನುತ್ತಾನೆ, ವಾದ ಅಲ್ಲೇ ಮುರಿಯುತ್ತದೆ. ಎರಡು ಉದ್ಧರಣೆಗಳನ್ನು ವಿಶ್ಲೇಷಿಸಿದ ಮೇಲೆ ಕೇಳಿ. ಇಲ್ಲವೇ, “ಸೋತವಳಾದರೆ ಕೊನೆಯ ಅಧ್ಯಾಯದಲ್ಲಿ ಸಹಿ ಹಾಕಲು ಏಕೆ ನಿರಾಕರಿಸುತ್ತಾಳೆ?” ಎಂಬಂತೆ, ಪಠ್ಯದಿಂದಲೇ ಉತ್ತರಿಸಬೇಕಾದ ಪ್ರಶ್ನೆಯಾಗಿ ಬದಲಿಸಿ. 800 ಪದಕ್ಕೆ ಇಂಥದ್ದು ಒಂದು ಸಾಕು.

ಉತ್ತರ 2:
ವೈದೃಶ್ಯವನ್ನು ಖಂಡಿತ ತೆಗೆಯಬೇಡಿ, ನಿಮ್ಮ ಮುಖ್ಯ ವಾದವೇ ವೈದೃಶ್ಯ. ತೊಂದರೆ ಇರುವುದು ಪುನರಾವರ್ತನೆಯಲ್ಲಿ. “ಅವಳು ಮಾತಾಡುವುದಿಲ್ಲ” ಎಂದು ಮೂರು ಸಲ ಬರೆದರೆ ಸನ್ನಿವೇಶ ಏರುತ್ತಾ ಹೋಗಬೇಕು: ಮನೆಯಲ್ಲಿ, ಬೀದಿಯಲ್ಲಿ, ನ್ಯಾಯಾಲಯದಲ್ಲಿ. ಅರ್ಥ ಬೆಳೆಯದಿದ್ದರೆ ಅದು ಬರೀ ಸದ್ದು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ವಾಕ್ಯಗಳು ಹೇಗೂ ಒಂದೇ ತರ ಮುಗಿಯುತ್ತವೆ; ಅದರ ಮೇಲೆ ಪುನರಾವರ್ತನೆಯೂ ಸೇರಿದರೆ ಏಕತಾನತೆ ಬೇಗ ಕಿವಿಗೆ ಬಡಿಯುತ್ತದೆ. ಜೋರಾಗಿ ಓದಿ ನೋಡಿ.

ಉತ್ತರ 3:
ಇನ್ನೊಂದು ಕೊರತೆ ಇರಬಹುದು: ಎದುರುವಾದ. ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತರ್ಕ, ಭಾವಗಳ ಜೊತೆಗೆ ಮಾತಾಡುವವರ ವಿಶ್ವಾಸಾರ್ಹತೆಯನ್ನೂ ಮನವೊಲಿಕೆಯ ಸಾಧನವೆಂದು ಎಣಿಸಿದ್ದಾನೆ. ಎದುರುವಾದವನ್ನು ಪ್ರಾಮಾಣಿಕವಾಗಿ ಎದುರಿಸಿದರೆ ಓದುಗರಿಗೆ ನಿಮ್ಮ ಮೇಲೆ ಆ ವಿಶ್ವಾಸ ಮೂಡುತ್ತದೆ. ‘ಮೌನವೇ ಸೋಲು’ ಎನ್ನುವ ಓದಿಗೆ ಅತ್ಯಂತ ಬಲವಾದ ಸಾಕ್ಷ್ಯ ಯಾವುದೋ ಅದನ್ನೇ ಎತ್ತಿಕೊಂಡು ಉತ್ತರಿಸಿ. ದುರ್ಬಲವಾದುದನ್ನು ಆರಿಸಿದರೆ ಓದುಗರಿಗೆ ಗೊತ್ತಾಗುತ್ತದೆ.