ಏಳು ಜನ ಕೈ ಬೀಸಿದರು

ಮೊನ್ನೆ ಭಾನುವಾರ ಬೈಕ್ ನಿಲ್ಲಿಸಿ, ಕೀ ತೆಗೆದು, ಹೆಲ್ಮೆಟ್ ಇನ್ನೂ ತಲೆ ಮೇಲೆ ಇರುವಾಗಲೇ ಶುರು ಮಾಡಿದೆ. "ಇವತ್ತು ದಾರಿಯಲ್ಲಿ ಏಳು ಜನ ಬೈಕಿನವರು ನನಗೆ ಕೈ ಬೀಸಿದರು ಗೊತ್ತಾ? ಏಳು ಜನ!"

ಯಾರೂ ತಲೆ ಎತ್ತಲಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗೂ ಅವರವರ ಗಾಡಿಯ ಹೆಸರೇ. ಬುಲೆಟ್ ಅಂದರೆ ಬುಲೆಟ್ ಓಡಿಸುವವನು, ಸ್ಕೂಟರ್ ಅಕ್ಕ ಅಂದರೆ ಸ್ಕೂಟರಿನವರು. ಮೇಷ್ಟ್ರು ಮಾತ್ರ ನಿಜವಾಗಿ ಲೆಕ್ಕದ ಮೇಷ್ಟ್ರು, ಅವರ ಬೈಕಿನ ಟ್ಯಾಂಕ್ ಮೇಲಿನ ಹೆಸರು ಅಳಿಸಿ ಹೋಗಿ ಎಷ್ಟೋ ವರ್ಷವಾಗಿದೆ.

"ಸೊಳ್ಳೆ ಓಡಿಸಿಕೊಂಡಿರ್ತಾರೆ ಬಿಡು" ಅಂದ ಬುಲೆಟ್.

"ಏಳು ಜನಕ್ಕೂ ಸೊಳ್ಳೆನಾ? ಒಬ್ಬನಂತೂ ಕೈ ಎತ್ತಿ ಮುಷ್ಟಿ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ, ಎಂಥಾ ಸ್ಟೈಲ್ ಗೊತ್ತಾ."

ಸ್ಕೂಟರ್ ಅಕ್ಕ ಆಗ ತಲೆ ಎತ್ತಿದರು. "ಮುಷ್ಟಿ ಬಿಚ್ಚಿ ಮುಚ್ಚಿದನಾ? ನೀನೇನು ಮಾಡಿದೆ?"

"ನಾನೂ ಹಾಗೇ ಮಾಡಿದೆ."

ಅಕ್ಕ "ಸರಿ, ಒಳ್ಳೆಯದು" ಅಂದು ಸುಮ್ಮನಾದರು. ಅವರು ಅಷ್ಟು ಬೇಗ ಸುಮ್ಮನಾಗುವವರಲ್ಲ. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಬುಲೆಟ್ ಮಾತ್ರ ಬಿಡಲಿಲ್ಲ. ಗುರುತಿಲ್ಲ, ಪರಿಚಯವಿಲ್ಲ, ಹೆಲ್ಮೆಟ್ ಒಳಗೆ ಮುಖ ಕೂಡ ಕಾಣಲ್ಲ, ಅಂಥವನಿಗೆ ಯಾಕೆ ಕೈ ಬೀಸಬೇಕು ಅಂತ ಅವನ ವಾದ. ಬಸ್ಸಿನ ಡ್ರೈವರುಗಳು ಎದುರುಬದುರಾದಾಗ ಕೈ ಎತ್ತಲ್ವಾ ಅಂತ ನಾನು ಕೇಳಿದೆ. ಅವರು ಒಂದೇ ಡಿಪೋದವರು, ನೀನು ಯಾವ ಡಿಪೋ ಅಂದ. ಆದರೆ ಇದೇ ಮನುಷ್ಯ ಎದುರಿಗೆ ಇನ್ನೊಂದು ಬುಲೆಟ್ ಬಂದರೆ ಮದುವೆಮನೆ ಬಾಗಿಲಲ್ಲಿ ನಿಂತ ಹುಡುಗಿ ಅಪ್ಪನ ಹಾಗೆ ತಲೆ ಬಾಗಿಸುತ್ತಾನೆ, ಅದನ್ನು ನಾವೆಲ್ಲ ಹಿಂದಿನಿಂದ ನೋಡಿದ್ದೇವೆ.

"ನನಗಂತೂ ಯಾರೂ ಬೀಸಲ್ಲ" ಅಂದರು ಅಕ್ಕ. "ನಾನೇ ಮೊದಲು ಬೀಸಿದರೆ ದೊಡ್ಡ ಬೈಕಿನವರಿಗೆ ಅದೇ ಹೊತ್ತಿಗೆ ಕನ್ನಡಿ ಸರಿ ಮಾಡಿಕೊಳ್ಳೋ ಕೆಲಸ ಬಂದುಬಿಡುತ್ತೆ. ನನ್ನ ಗಾಡಿಗೂ ಎರಡೇ ಚಕ್ರ ಅಲ್ವಾ? ಮಳೆ ಬಂದರೆ ನಾನೂ ಇವನಷ್ಟೇ ನೆನೀತೀನಿ. ನೂರಿಪ್ಪತ್ತೈದು ಸಿಸಿ ಅಂತ ಮಳೆ ಏನು ಕಮ್ಮಿ ಬೀಳುತ್ತಾ?"

ಬುಲೆಟ್ ತನ್ನ ಕನ್ನಡಿ ಕಡೆ ನೋಡಿದ.

ಅಷ್ಟರಲ್ಲಿ ಮೇಷ್ಟ್ರು ನೆಲದ ಮೇಲೆ ಕಡ್ಡಿಯಿಂದ ಗೀಚಲು ಶುರು ಮಾಡಿದ್ದರು. "ನೋಡಿ, ನೀವು 60ರಲ್ಲಿ ಹೋಗ್ತಿದೀರಿ, ಎದುರಿನವನೂ 60. ಸೇರಿಸಿದರೆ ಗಂಟೆಗೆ 120 ಕಿಲೋಮೀಟರ್, ಅಂದರೆ ಸೆಕೆಂಡಿಗೆ 33 ಮೀಟರ್. ಅವನು 100 ಮೀಟರ್ ದೂರದಲ್ಲಿ ಕಂಡ ಅಂತಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿರೋದು ಮೂರೇ ಸೆಕೆಂಡ್. ಅಷ್ಟರಲ್ಲಿ ಬೈಕಾ ಸ್ಕೂಟರಾ ನೋಡಬೇಕು, ಬೀಸೋದಾ ಬೇಡ್ವಾ ತೀರ್ಮಾನ ಮಾಡಬೇಕು, ಹ್ಯಾಂಡಲ್ ಬಿಟ್ಟು ಕೈ ಎತ್ತಬೇಕು. ಎತ್ತೋ ಹೊತ್ತಿಗೆ ಅವನು ಹೋಗಿರ್ತಾನೆ, ನೀವು ಅವನ ಹಿಂದೆ ಬಂದ ಲಾರಿಗೆ ನಮಸ್ಕಾರ ಹೊಡೆದಿರ್ತೀರಿ."

"ಅಮೆರಿಕದಲ್ಲಿ ಎಲ್ಲರೂ ಬೀಸ್ತಾರಲ್ಲ ಮೇಷ್ಟ್ರೇ?"

"ಅಲ್ಲಿ ರಸ್ತೆಯ ಬಲಕ್ಕೆ ಓಡಿಸ್ತಾರಪ್ಪ. ಬಲಗೈಯಲ್ಲಿ ಆಕ್ಸಿಲರೇಟರ್, ಮುಂದಿನ ಬ್ರೇಕೂ ಅದೇ ಕೈಗೆ, ಅದನ್ನು ಬಿಡೋ ಹಾಗಿಲ್ಲ. ಬಿಡುವಾಗಿರೋದು ಎಡಗೈ. ಅವರಿಗೆ ಎದುರಿನವನು ಎಡಗಡೆಯೇ ಹಾದು ಹೋಗ್ತಾನೆ, ಕೈ ಕೆಳಗಿಳಿಸಿ ಎರಡು ಬೆರಳು ತೋರಿಸಿದರೆ ಆಯ್ತು, ಎರಡೂ ಚಕ್ರ ನೆಲದ ಮೇಲೇ ಇರಲಿ ಅಂತ ಅದಕ್ಕೆ ಅರ್ಥ ಹೇಳ್ತಾರೆ. ಎಡಕ್ಕೆ ಓಡಿಸುವ ಕಡೆ ಅದನ್ನೇ ಮಾಡಿದರೆ ಎರಡು ಬೆರಳು ತೋರಿಸೋದು ಚರಂಡಿಗೆ. ಅದಕ್ಕೇ ಬ್ರಿಟನ್ನಿನವರು ತಲೆ ಆಡಿಸಿ ಮುಗಿಸ್ತಾರೆ."

ಫ್ರಾನ್ಸಿನಲ್ಲಿ ದಾರಿ ಬಿಟ್ಟವರಿಗೆ ಬೈಕಿನವರು ಕಾಲು ಚಾಚಿ ಥ್ಯಾಂಕ್ಸ್ ಹೇಳುತ್ತಾರೆ ಅಂತಲೂ ಮೇಷ್ಟ್ರು ಹೇಳಿದರು. ನನಗೆ ಯಾರಾದರೂ ಕಾಲು ಚಾಚಿದರೆ ಒದೆಯೋಕೆ ಬಂದ ಅಂತಲೇ ಲೆಕ್ಕ ಅಂದ ಬುಲೆಟ್. ಅವನ ಮಟ್ಟಿಗೆ ಅದು ನಿಜ ಇರಬಹುದು, ಅವನು ಸುಲಭಕ್ಕೆ ದಾರಿ ಬಿಡುವವನಲ್ಲ.

ಇದೆಲ್ಲ ಹೇಗೆ ಶುರುವಾಯಿತು ಅನ್ನುವುದಕ್ಕೆ ಒಂದು ಕಥೆ ಓಡಾಡುತ್ತಿದೆ. 1904ರಲ್ಲಿ, ತಮ್ಮ ಬೈಕ್ ಕಂಪನಿಗೆ ತಮ್ಮದೇ ಹೆಸರಿಟ್ಟ ಹಾರ್ಲೆ ಮತ್ತು ಡೇವಿಡ್‌ಸನ್ ಒಂದೇ ರಸ್ತೆಯಲ್ಲಿ ಎದುರುಬದುರಾಗಿ, ಒಬ್ಬರಿಗೊಬ್ಬರು ಕೈ ಬೀಸಿದರಂತೆ. ನೋಡಿದವರ‍್ಯಾರೋ ಬೈಕಿನವರೆಲ್ಲ ಹೀಗೇ ಮಾಡಬೇಕೇನೋ ಅಂದುಕೊಂಡರಂತೆ. ನಿಜವೋ ಸುಳ್ಳೋ, ಕೇಳೋಕೆ ಚೆನ್ನಾಗಿದೆ.

"ಅವರಿಬ್ಬರೂ ಪಾಲುದಾರರು ಮಾರಾಯ" ಅಂದ ಬುಲೆಟ್. "ಪಾಲುದಾರ ಎದುರಿಗೆ ಸಿಕ್ಕರೆ ಕೈ ಬೀಸದೆ ತಪ್ಪಿಸಿಕೊಂಡು ಓಡ್ತಾರಾ? ಕೆಲವರು ಓಡ್ತಾರೆ, ಆ ಮಾತು ಬೇರೆ."

ನಾನು ಆಗ ನನ್ನ ಹಳೇ ಅವಮಾನವನ್ನು ಹೇಳಲೇಬೇಕಾಯಿತು. ಎರಡು ತಿಂಗಳ ಹಿಂದೆ, ಖಾಲಿ ರಸ್ತೆ, ಒಳ್ಳೆ ಮೂಡಿನಲ್ಲಿದ್ದೆ, ಎದುರಿಗೆ ಬಂದವನಿಗೆ ಕೈ ಬೀಸಿದೆ. ಅವನು ಮೊದಲು ಬಗ್ಗಿ ಸೈಡ್ ಸ್ಟ್ಯಾಂಡ್ ನೋಡಿಕೊಂಡ. ಆಮೇಲೆ ಹಿಂದಿನ ಚಕ್ರ. ಆಮೇಲೆ ಹಿಂದಿನ ಸೀಟು, ಹೆಂಡತಿಯನ್ನು ಎಲ್ಲಾದರೂ ಬಿಟ್ಟು ಬಂದೆನಾ ಅನ್ನುವ ಹಾಗೆ. ಇದೆಲ್ಲ ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಕೊನೆಗೆ ಗಾಡಿ ತಿರುಗಿಸಿಕೊಂಡು ಒಂದು ಕಿಲೋಮೀಟರ್ ಅಟ್ಟಿಸಿಕೊಂಡು ಬಂದು, ಅಡ್ಡ ನಿಲ್ಲಿಸಿ, "ಏನಾಯ್ತು ಸಾರ್? ಏನಾದ್ರೂ ಬಿತ್ತಾ?" ಅಂದ.

"ಏನಿಲ್ಲ. ಸುಮ್ನೆ."

"ಸುಮ್ನೆ ಅಂದ್ರೆ?"

ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಉರಿಬಿಸಿಲಿನಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು. ಆಮೇಲೆ ಅವನು ಹೋದ. ಕೈ ಬೀಸಲಿಲ್ಲ.

"ಅದಕ್ಕೇ ಇವತ್ತಿನ ಏಳು ಜನ ನನಗೆ ಮುಖ್ಯ" ಅಂದೆ. "ಕಾಲ ಬದಲಾಗಿದೆ."

ಬಿಸಿಲು ಏರಿತ್ತು, ಎಲ್ಲರೂ ಎದ್ದೆವು. ನಾನು ಕೀ ತಿರುಗಿಸಿದೆ. ಟಿಕ್ ಟಿಕ್ ಟಿಕ್ ಟಿಕ್. ಬಲಗಡೆ ಇಂಡಿಕೇಟರ್ ಹಳದಿಯಾಗಿ ಮಿನುಗಲು ಶುರುವಾಯಿತು. ನಾನು ಹಾಕಿರಲಿಲ್ಲ. ಅಂದರೆ ಈಗ ಹಾಕಿರಲಿಲ್ಲ.

ತಲೆ ಎತ್ತಿದರೆ ಅಕ್ಕ ನನ್ನನ್ನೇ ನೋಡುತ್ತಾ ಕೈ ಎತ್ತಿ ನಿಧಾನಕ್ಕೆ ಮುಷ್ಟಿ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ಮಾಡುತ್ತಿದ್ದರು.

"ಎಷ್ಟು ದೂರ ಹೀಗೇ ಬಂದೆ?" ಕೇಳಿದರು ಮೇಷ್ಟ್ರು, ಕಡ್ಡಿ ಮತ್ತೆ ಕೈಗೆತ್ತಿಕೊಳ್ಳುತ್ತಾ.

ನಾನು ಲೆಕ್ಕ ಕೊಡಲಿಲ್ಲ, ಹೊರಟೆ. ಅರ್ಧ ದಾರಿಯಲ್ಲಿ ಎದುರಿನಿಂದ ಬಂದವನೊಬ್ಬ ಕೈ ಎತ್ತಿದ. ತಟ್ಟನೆ ಇಂಡಿಕೇಟರ್ ನೋಡಿದೆ, ಆಫ್ ಇತ್ತು. ಬಗ್ಗಿ ಸ್ಟ್ಯಾಂಡ್ ನೋಡಿದೆ, ಮೇಲೇ ಇತ್ತು. ಹಿಂದಿನ ಚಕ್ರವನ್ನೂ ನೋಡಿದೆ. ಮತ್ತೆ ತಲೆ ಎತ್ತುವ ಹೊತ್ತಿಗೆ ಅವನು ಕನ್ನಡಿಯಲ್ಲಿ ಚುಕ್ಕಿಯಾಗಿದ್ದ.